ಶನಿವಾರದ ಒಲೆ

ಶುಕ್ರವಾರ ಹೊತ್ತು ಮುಳುಗುವ ಮೊದಲೇ ಆವಸ್ಕರ್ ಮಾಸ್ಟರು ಒಲೆಯೊಳಗೆ ಸೌದೆ ಜೋಡಿಸಿಡುತ್ತಿದ್ದರು. ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಸುವಾರ್ತಮ್ಮ ಬಂದು ಕಡ್ಡಿ ಗೀರಿ ಹಚ್ಚುತ್ತಿದ್ದಳು. ಮಾಸ್ಟರು ಯೆಹೂದ್ಯರು. ಶನಿವಾರ ಅವರಿಗೆ ದೇವರ ವಿಶ್ರಾಂತಿಯ ದಿನ, ಬೆಂಕಿ ಮುಟ್ಟುವಂತಿಲ್ಲ, ಹಚ್ಚಿಕೊಡು ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲವಂತೆ. ಅವರು ಕೇಳುತ್ತಿರಲಿಲ್ಲ, ಇವಳು ಹೇಳಿಸಿಕೊಳ್ಳುತ್ತಿರಲಿಲ್ಲ. ಕಾಫಿಯಾದ ಮೇಲೆ ಅವರಿಗೊಂದು ಲೋಟ, ಇವಳಿಗೊಂದು ಲೋಟ.

ಮಾಸ್ಟರು ಕೊಂಕಣದ ಕಡೆಯವರು, ಮನೆಮಾತು ಮರಾಠಿ. ದೇವನಹಳ್ಳಿ ಸ್ಟೇಷನ್ನಿನಲ್ಲಿ ಚಿಕ್ಕ ರೈಲಿಗೆ ಹಸಿರು ಬಾವುಟ ತೋರಿಸುತ್ತಲೇ ನಿವೃತ್ತರಾಗಿ, ಅಲ್ಲೇ ಉಳಿದುಬಿಟ್ಟಿದ್ದರು. ನೌಕರಿಯಲ್ಲಿದ್ದಾಗ ಶನಿವಾರವೂ ರೈಲು ಬಿಡಲೇಬೇಕಿತ್ತು, ಆ ಬಾಕಿಯನ್ನು ದೇವರಿಗೆ ಈಗ ತೀರಿಸುತ್ತಿದ್ದೇನೆ ಎಂದು ನಗುತ್ತಿದ್ದರು. ಊರಿನ ಅರ್ಧ ಜನ ಅವರನ್ನು ಸಾಬರೆಂದುಕೊಂಡಿದ್ದರು, ಉಳಿದರ್ಧ ಕ್ರೈಸ್ತರೆಂದು. ಅವರ ಹೆಂಡತಿ ರೆಬೆಕ್ಕಾಬಾಯಿ ಹಾಸಿಗೆ ಹಿಡಿದ ವರ್ಷ ಸುವಾರ್ತಮ್ಮ ಹಚ್ಚಲು ಶುರುಮಾಡಿದ ಒಲೆ, ಆಕೆಯನ್ನು ಬೆಂಗಳೂರಿನ ಯೆಹೂದ್ಯರ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದ ಮೇಲೂ ನಿಲ್ಲಲಿಲ್ಲ.

ಅರವತ್ತೇಳರ ಜೂನಿನಲ್ಲಿ ಆರು ದಿನದ ಯುದ್ಧವಾಗಿ ಜೆರೂಸಲೇಮು ಪೂರ್ತಿ ಯೆಹೂದ್ಯರ ಕೈಸೇರಿತು. ಆ ಸುದ್ದಿ ರೇಡಿಯೋದಲ್ಲಿ ಬಂದ ವಾರದ ಭಾನುವಾರ, ಸುವಾರ್ತಮ್ಮ ಹೋಗುತ್ತಿದ್ದ ಕ್ರೈಸ್ತರ ಪ್ರಾರ್ಥನಾಮಂದಿರದಲ್ಲಿ ಬೋಧಕ ದೇವಕೃಪ ಅಯ್ಯನವರ ದನಿ ಎಂದಿನಂತಿರಲಿಲ್ಲ.

“ಚದುರಿಹೋದ ಜನ ತಮ್ಮ ನೆಲಕ್ಕೆ ವಾಪಸ್ ಹೋಗ್ತಿದ್ದಾರೆ. ಅವರೆಲ್ಲ ಹೋಗಿ ಸೇರಿದ ಮೇಲೆ ಕರ್ತ ಯೇಸು ತಿರುಗಿ ಬರ್ತಾನೆ. ನಮ್ಮೂರಲ್ಲೂ ಒಬ್ಬರಿದ್ದಾರೆ. ಅವರನ್ನ ಕಳಿಸೋದು ಪುಣ್ಯದ ಕೆಲಸ.”

ಎಲ್ಲರೂ ಸುವಾರ್ತಮ್ಮನ ಕಡೆ ತಿರುಗಿದರು. ಅಷ್ಟು ಜನ ತನ್ನ ಕಡೆ ನೋಡಿದ್ದು ಅವಳ ಮದುವೆಯ ದಿನ ಬಿಟ್ಟರೆ ಅದೇ ಮೊದಲು. ಉಬ್ಬಿಹೋದಳು ಎಂದರೆ ತಪ್ಪಿಲ್ಲ. ಮುಂದಿನ ಶನಿವಾರ ಒಲೆ ಊದುತ್ತಲೇ ಮಾತು ತೆಗೆದಳು.

“ನಿಮ್ ತಮ್ಮನೋರೆಲ್ಲಾ ಜೆರೂಸಲೇಮ್ ಕಡೇಲೇ ಅವ್ರಲ್ಲಾ ಮಾಸ್ಟ್ರೇ, ನೀವ್ಯಾಕೆ ಇಲ್ಲಿ ಒಬ್ರೇ?”

“ರೆಬೆಕ್ಕಾ ಇಲ್ಲಿದ್ದಾಳಲ್ಲಮ್ಮಾ.”

“ಅಕ್ಕನೋರು ದೇವ್ರ ಹತ್ರ ಅವ್ರೆ. ಸಮಾಧಿಗೆ ನಾನು ಹೋಗಿ ಹೂವ ಹಾಕ್ತೀನಿ.”

“ನಮ್ಮಲ್ಲಿ ಹೂವು ಹಾಕಲ್ಲ, ಕಲ್ಲಿಡ್ತಾರೆ.”

“ಕಲ್ಲೇ ಇಡ್ತೀನಿ ಬಿಡಿ.”

ಹನಿ ಹನಿ ಗೂಡಿದರೆ ಹಳ್ಳ ಅನ್ನುತ್ತಾರಲ್ಲ, ಹಾಗೆ ವಾರ ವಾರವೂ ಒಂದೊಂದು ಮಾತು. ಕಡೆಗೆ ಮಾಸ್ಟರು ಒಪ್ಪಿದರು. ಸಾಕಿದ್ದ ಹಸುವನ್ನು ಪಕ್ಕದೂರು ಆವತಿಯ ಬೈರಪ್ಪನಿಗೆ ಕೊಟ್ಟರು. ಮಂಚ, ಬೀರು, ರೆಬೆಕ್ಕಾಬಾಯಿಯ ಹೊಲಿಗೆ ಮಿಷನ್ನು ಒಂದೊಂದಾಗಿ ಹೊಸಿಲು ದಾಟಿದವು. ಮಿಷನ್ನು ಹೋದ ದಿನ ಅವರು ಊಟ ಮಾಡಲಿಲ್ಲ. ಸುವಾರ್ತಮ್ಮ ಅದನ್ನು ಕಂಡಳು, ಆದರೂ ಒಳ್ಳೆಯದಕ್ಕೇ ಅಲ್ಲವೇ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ಬೊಂಬಾಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುವುದು ಇನ್ನೊಂದು ತಿಂಗಳಿದೆ ಎನ್ನುವಾಗ ಮಂದಿರದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು. ಸುವಾರ್ತಮ್ಮ ತಾನೇ ಕಟ್ಟಿದ ಸುಗಂಧರಾಜದ ಹಾರವನ್ನು ಮಾಸ್ಟರ ಕೊರಳಿಗೆ ಹಾಕಿದಳು. ಇಷ್ಟು ವರ್ಷ ಯಾರಿಗೂ ತಾನು ಯಾರೆಂದೇ ಗೊತ್ತಿರದ ಊರಿನಲ್ಲಿ ಹಾಡು, ಚಪ್ಪಾಳೆ, ಹೆಸರು ಹಿಡಿದು ಪ್ರಾರ್ಥನೆ. ಮಾಸ್ಟರ ಕಣ್ಣು ತುಂಬಿತು. ಹೊರಡುವವರ ಸಹಜ ಕುತೂಹಲದಿಂದಲೇ ಅವರು ಕೇಳಿದರು.

“ಅಯ್ಯನವರೇ, ನಾವು ಅಲ್ಲಿಗೆ ಹೋಗಿ ಸೇರಿದ ಮೇಲೆ ನಿಮ್ಮ ಕರ್ತ ಬರ್ತಾರೆ ಅಂದ್ರಲ್ಲ. ನಡುವೆ ಏನಾಗುತ್ತೆ? ನಾನು ಅಲ್ಲೇ ಇರ್ತೀನಲ್ಲ, ಅದಕ್ಕೆ ಕೇಳಿದೆ.”

ಇಷ್ಟು ತಿಂಗಳಲ್ಲಿ ಮಂದಿರದ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅಯ್ಯನವರಿಗೆ ಅತ್ತ ದರಿ, ಇತ್ತ ಪುಲಿ. ಆದರೆ ಅವರು ಸುಳ್ಳು ಹೇಳುವ ಮನುಷ್ಯರಲ್ಲ, ಅಷ್ಟು ಮಾತ್ರ ಒಪ್ಪಲೇಬೇಕು. ತಡವರಿಸುತ್ತಾ ಹೇಳಿದರು.

“ದೊಡ್ಡ ಸಂಕಟ ಬರುತ್ತೆ ಮಾಸ್ಟ್ರೇ. ಸುತ್ತಲಿನ ರಾಜ್ಯಗಳೆಲ್ಲ ಮೇಲೆ ಬೀಳ್ತವೆ. ಮೂರರಲ್ಲಿ ಎರಡು ಪಾಲು ಜನ ಸಾಯ್ತಾರೆ. ಉಳಿದ ಒಂದು ಪಾಲು ಬೆಂಕಿ ದಾಟಿದ ಹಾಗೆ ದಾಟಿ, ಯೇಸುವಿಗೆ ಅಡ್ಡಬೀಳುತ್ತೆ.”

“ಯಾರು ಸಾಯೋರು? ನಮ್ಮ ಜನವಾ?”

“ಹೌದು.”

“ಅಷ್ಟೊತ್ತಿಗೆ ನೀವೆಲ್ಲ ಎಲ್ಲಿರ್ತೀರಿ?”

“ನಮ್ಮನ್ನ ಕರ್ತ ಮೊದಲೇ ಮೇಲಕ್ಕೆ ಕರ್ಕೊಂಡಿರ್ತಾನೆ. ಅದು ಬರೆದಿರೋದು ಮಾಸ್ಟ್ರೇ, ನನ್ನ ಆಸೆ ಅಲ್ಲ. ಅಷ್ಟರಲ್ಲಿ ನೀವು ನಂಬಿಬಿಡಿ ಅಂತ ನಾನು ದಿನಾ ಬೇಡ್ಕೋತೀನಿ.”

ಮಾಸ್ಟರು ಹಾರವನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. “ಯೂರೋಪಿನಲ್ಲಿ ನಮ್ಮವರನ್ನ ಒಂದ್ಸಲ ಸುಟ್ಟಾಯ್ತು ಅಯ್ಯನವರೇ. ಈ ದೇಶದಲ್ಲಿ ನಮ್ಮನ್ನ ಯಾರೂ ಮುಟ್ಟಲಿಲ್ಲ. ಇಲ್ಲಿ ಮಾರಮ್ಮನ ಕುರಿಗೂ ಹೀಗೇ ಹಾರ ಹಾಕ್ತಾರೆ, ನಾನು ನೋಡಿದ್ದೀನಿ. ಕುರಿ ಮೇಲೆ ಯಾರಿಗೂ ದ್ವೇಷ ಇರಲ್ಲ.”

ಆಮೇಲೆ ಸುವಾರ್ತಮ್ಮನ ಕಡೆ ತಿರುಗಿದರು. “ನನ್ನ ಮನೆ ಖಾಲಿ ಮಾಡಿಸಿದ್ರಲ್ಲಮ್ಮಾ. ಇದು ನಿಮಗೆ ಗೊತ್ತಿತ್ತಾ?”

ಅವಳು ಅಯ್ಯನವರ ಮುಖ ನೋಡಿದಳು. ಮಾಸ್ಟರು ಹಾರವನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು.

ಜನ ಕರಗಿದ ಮೇಲೆ ಸುವಾರ್ತಮ್ಮ ಅಯ್ಯನವರ ಎದುರು ನಿಂತಳು. “ನಿಮ್ಗೆ ಇದು ಮೊದ್ಲಿಂದ್ಲೂ ಗೊತ್ತಿತ್ತಲ್ವಾ ಅಯ್ನೋರೇ? ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಅವರನ್ನ ಒಪ್ಪಿಸ್ತಿರಲಿಲ್ಲ ಸುವಾರ್ತಮ್ಮ.”

ಅವಳ ಎದೆಯಲ್ಲಿ ಬೆಂಕಿ ಬಿತ್ತು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನಂಬಿಸಿ ಕತ್ತು ಕುಯ್ಯುವುದೆಂದರೆ ಇದೇ. ಕುಯ್ದದ್ದು ಅಯ್ಯನವರ ಕತ್ತಿ, ಹಿಡಿದದ್ದು ತನ್ನ ಕೈ.

“ಅವ್ರ ಹೆಣದ ಮೇಲೆ ಕಾಲಿಟ್ಟು ಹತ್ತೋ ಸ್ವರ್ಗ ನಂಗ್ ಬ್ಯಾಡ” ಎಂದಳು.

“ಹಾಗನ್ನಬಾರದು. ಅದು ದೇವರ ಯೋಜನೆ.”

“ದೇವ್ರಿಗೆ ನನ್ ಕೈ ಬೇಕಿತ್ತಾ ಅಯ್ನೋರೇ, ಇಲ್ಲಾ ನಿಮ್ಗಾ?”

ಆ ಶನಿವಾರ ಹಿತ್ತಿಲ ಬಾಗಿಲು ತಳ್ಳಿ ಒಳಗೆ ಹೋದಳು. ಒಲೆಯಲ್ಲಿ ಸೌದೆ ಇರಲಿಲ್ಲ. ಬೂದಿಯನ್ನೂ ಬಳಿದು ಚೊಕ್ಕ ಮಾಡಿತ್ತು. ಮಾಸ್ಟರು ಬರಿನೆಲದ ಚಾಪೆಯ ಮೇಲೆ ಕೂತಿದ್ದರು.

“ಒಂದು ಮಾತು ಕೇಳ್ಲಾ?” ಎಂದರು. “ಇಷ್ಟು ವರ್ಷ ಒಲೆ ಹಚ್ಚಿದ್ದು ಯಾಕೆ? ನನಗೋಸ್ಕರವೋ, ನಿಮ್ಮ ಕರ್ತ ಬೇಗ ಬರಲಿ ಅಂತಲೋ?”

“ಅಕ್ಕನೋರು ಹಾಸಿಗೆ ಹಿಡಿದಾಗ ಈ ಅಯ್ನೋರು ಊರಿಗೇ ಬಂದಿರ್ಲಿಲ್ಲ ಮಾಸ್ಟ್ರೇ.”

“ಹೌದು. ಆದ್ರೆ ಈಗ ಯಾವುದು ಎಲ್ಲಿಗೆ ಮುಗೀತು, ಯಾವುದು ಎಲ್ಲಿಂದ ಶುರುವಾಯ್ತು ನನಗೆ ತಿಳೀತಿಲ್ಲ.”

ಅವಳಿಗೂ ತಿಳಿಯಲಿಲ್ಲ. ನೋಯಿಸಿದ್ದು ಅದೇ. ಹೊರಗೆ ಬಂದು ಜಗಲಿಯ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮಂದಿರಕ್ಕೆ ಹೋಗುವುದನ್ನು ಅವಳು ಬಿಡಲಿಲ್ಲ, ದೇವರ ಮೇಲೆ ಅವಳಿಗೆ ಕೋಪವಿರಲಿಲ್ಲ. ಆದರೆ ಯೆಹೂದ್ಯರು ಬೇಗ ಹೋಗಿ ಸೇರಲಿ ಎಂದು ಅಯ್ಯನವರು ಪ್ರಾರ್ಥಿಸಿದಾಗ ಎಲ್ಲರಂತೆ ಆಮೆನ್ ಅನ್ನದೆ ಕಣ್ಣು ಬಿಟ್ಟುಕೊಂಡೇ ಕೂತಳು. ಒಂದು ದಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ವಿಚಾರಿಸಿಕೊಂಡು ಸ್ಮಶಾನ ಸೇರಿ, ರೆಬೆಕ್ಕಾಬಾಯಿಯ ತಲೆದೆಸೆಯಲ್ಲಿ ಒಂದು ಕಲ್ಲಿಟ್ಟು ಬಂದಳು. ಯಾರಿಗೂ ಹೇಳಲಿಲ್ಲ. ಶನಿವಾರಗಳಂದು ಎಂದಿನ ಹೊತ್ತಿಗೆ ಹೋಗಿ ಒಲೆಯೊಳಗೆ ಬಗ್ಗಿ ನೋಡುತ್ತಿದ್ದಳು. ಬರಿದಾಗಿದ್ದರೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದಳು.

ಹೊರಡಬೇಕಿದ್ದ ದಿನ ಬಂತು, ಹೋಯಿತು. ಮಾಸ್ಟರು ಹೊರಡಲಿಲ್ಲ. ಬೆಂಗಳೂರಿಗೆ ಮಾತ್ರ ಹೋಗಿ ಬಂದರು. ಮರುದಿನ ಶನಿವಾರ ಅವಳು ಹೋದಾಗ ಅವರೇ ಬಾಗಿಲಲ್ಲಿದ್ದರು.

“ರೆಬೆಕ್ಕಾಳ ತಲೆದೆಸೆಯಲ್ಲಿ ನಾನಿಡದ ಕಲ್ಲೊಂದಿತ್ತು.”

ಸುವಾರ್ತಮ್ಮ ತಲೆ ತಗ್ಗಿಸಿದಳು. “ನೀವು ಹೋದ್ರೂ ಸರಿ, ಇದ್ರೂ ಸರಿ, ಕಲ್ಲಿಡ್ತೀನಿ ಅಂದಿದ್ನಲ್ಲಾ ಮಾಸ್ಟ್ರೇ.”

“ಮುಂದೆ ಯಾವತ್ತಾದ್ರೂ ಹೋಗಬಹುದು, ತಮ್ಮನ ಮೊಮ್ಮಕ್ಕಳನ್ನ ನೋಡೋಕೆ. ಯಾರ ಲೆಕ್ಕ ತುಂಬಿಸೋಕೂ ಅಲ್ಲ.”

“ಹಂಗೇ ಹೋಗಿ. ಹೋದ್ರೂ ವಾಪಸ್ ಬನ್ನಿ.”

ಮಾಸ್ಟರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಅವಳು ಒಳಗೆ ಹೋಗಿ ಬಗ್ಗಿ ನೋಡಿದಳು. ಒಲೆಯಲ್ಲಿ ಸೌದೆ ಜೋಡಿಸಿಟ್ಟಿತ್ತು.