ನೀರೊಳಗಿನ ಬಾಗಿಲು

ನಮ್ಮ ಮನೆಯವರು ಪ್ರವಾಸ ಹೋದರೆ ನೋಡುವ ಜಾಗಕ್ಕೆ ಒಂದೇ ಟಿಕೆಟ್. ನಾಲ್ವರಲ್ಲಿ ಒಬ್ಬರು ಒಳಗೆ ಹೋಗಿ ಬಂದು ಉಳಿದವರಿಗೆ ಹೇಳಬೇಕು. ಇದು ಬಸ್ ಡ್ರೈವರ್ ಆಗಿದ್ದ ನಮ್ಮಪ್ಪನ ಕಾನೂನು. ಅಪ್ಪನೇ ಹೋದರೆ "ಚೆನ್ನಾಗಿದೆ" ಎಂದು ಒಂದೇ ಮಾತಿಗೆ ಮುಗಿಸಿಬಿಡುತ್ತಿದ್ದ. ಅಣ್ಣನನ್ನು ಕಳಿಸಿದರೆ ಒಳಗೇನಿತ್ತು ಎನ್ನುವುದು ಬಿಟ್ಟು ಎಷ್ಟು ಮೆಟ್ಟಿಲಿದ್ದವು ಎಂದು ಎಣಿಸಿಕೊಂಡು ಬರುತ್ತಿದ್ದ. ಅಮ್ಮ ಚೀಲ ಕಾಯಬೇಕು. ಹಾಗಾಗಿ ಆ ಕೆಲಸ ಬಾಯಿಬಡುಕಿಯ ಪಾಲಿಗೆ ಬಂತು. ಬಾಯಿಬಡುಕಿ ಎಂದರೆ ನಾನೇ, ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆ.

ಆ ಕೆರೆಗೆ ಹೋದಾಗ ನನಗೆ ಒಂಬತ್ತು ವರ್ಷ. ಹಿಂದೆ ಅಣೆಕಟ್ಟು ಕಟ್ಟಿದಾಗ ಒಂದು ಊರಿಗೆ ಊರೇ ಅದರಲ್ಲಿ ಮುಳುಗಿತ್ತಂತೆ. ತಳಕ್ಕೆ ಗಾಜು ಕೂರಿಸಿದ ದೋಣಿಯಲ್ಲಿ ಹೋದರೆ ಕೆಳಗೆ ಆ ಊರು ಕಾಣುತ್ತದೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಟಿಕೆಟ್ ಬಲು ದುಬಾರಿ. ಆದರೂ ಅಮ್ಮ ಅವತ್ತು ತಾನೂ ಬರುತ್ತೇನೆಂದು ಪರ್ಸು ತೆಗೆದಳು. ಬೋರ್ಡನ್ನು ಇನ್ನೊಮ್ಮೆ ನೋಡಿದಳು, ಪರ್ಸು ಮುಚ್ಚಿದಳು, ಸರಿಯಾಗಿ ನೋಡಿಕೊಂಡು ಬಾ ಎಂದು ನನ್ನನ್ನು ದೋಣಿ ಹತ್ತಿಸಿದಳು.

ನೋಡಿದೆ. ಅರ್ಧ ಗಂಟೆ ಗಾಜಿಗೆ ಮೂಗು ಒತ್ತಿಕೊಂಡು ನೋಡಿದೆ. ಬರೀ ಹಸಿರು ನೀರು. ದಡಕ್ಕೆ ಬಂದರೆ ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದಾರೆ. ಏನೂ ಕಾಣಲಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. ಬೀದಿ ಕಂಡಿತು ಎಂದೆ. ಮನೆ ಕಂಡಿತು, ಮೆಟ್ಟಿಲು ಕಂಡಿತು, ಮೆಟ್ಟಿಲ ಮೇಲೊಂದು ಬಾಗಿಲೂ ಕಂಡಿತು ಎಂದೆ.

"ಬಾಗಿಲು ಹಾಕಿತ್ತಾ, ತೆಗೆದಿತ್ತಾ?" ಅಮ್ಮ ಕೇಳಿದಳು.

"ಅರ್ಧ ತೆಗೆದಿತ್ತು."

ಅಲ್ಲೇ ಕೆಟ್ಟೆ. ನಮ್ಮಮ್ಮ ಎಂಥವಳೆಂದು ನನಗೆ ಗೊತ್ತಿರಬೇಕಿತ್ತು. ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಅವಳು. ಜೇಬಿನಲ್ಲಿ ಉಳಿದ ಒಂದು ಗುಂಡಿ, ಒಂದು ಚೀಟಿ ಸಿಕ್ಕರೆ ಸಾಕು, ಆ ಅಂಗಿಯವನ ಸಂಸಾರದ ಕಥೆಯನ್ನೇ ಬಿಡಿಸಿ ಹೇಳುತ್ತಿದ್ದಳು. ಅಂಥವಳಿಗೆ ಅರ್ಧ ತೆಗೆದ ಬಾಗಿಲು ಸಿಕ್ಕರೆ ಬಿಡುತ್ತಾಳೆಯೇ? ನೀರು ಏರುತ್ತಿದೆ ಎಂದು ಗೊತ್ತಿದ್ದೂ ಹಾಗೆ ಬಿಟ್ಟು ಹೋದವರು ಯಾರು? ಏನೋ ಮರೆತು ವಾಪಸು ಬಂದವರೇ? ಲಾಂಡ್ರಿಯಲ್ಲೂ ಅಮ್ಮನ ಜೊತೆಯವರಿಗೆ ಇದೇ ಮಾತು, ಒಬ್ಬಳು ಬೆಕ್ಕು ಹುಡುಕಲು ಬಂದಿರಬೇಕು ಎಂದರೆ ಇನ್ನೊಬ್ಬಳು ಗಂಡನ ಜೊತೆ ಜಗಳವಾಡಿದವಳ ಕೆಲಸ ಅದು ಎನ್ನುತ್ತಿದ್ದಳಂತೆ. ಅಮ್ಮ ಆ ಬಾಗಿಲಿನ ಬಣ್ಣ ಕೇಳಿದಳು, ಚಿಲಕ ಯಾವ ಕಡೆ ಎಂದು ಕೇಳಿದಳು. ಪ್ರತಿ ಸಲ ಒಂದು ಸುಳ್ಳಿಗೆ ಇನ್ನೊಂದು ಸೇರಿಸಿದೆ. ಕೊನೆಗೆ ಅವಳು ಒಂದೇ ಮಾತು ಹೇಳುತ್ತಿದ್ದಳು, ಅವತ್ತು ಇನ್ನೊಂದು ಟಿಕೆಟ್ ತಗೋಬೇಕಿತ್ತು ಎಂದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಕೋಪ ಅವಳ ಮೇಲಲ್ಲ, ನನ್ನ ಮೇಲೆ.

ತಮಾಷೆ ನೋಡಿ, ನಾನು ಹೊಟ್ಟೆ ಹೊರೆಯುವುದು ಸುಳ್ಳು ಹಿಡಿದು. ವಿಮೆ ಕಂಪನಿಯ ಕೆಲಸ. ಬೆಂಕಿ ಬಿದ್ದ ಅಂಗಡಿ, ನೀರು ನುಗ್ಗಿದ ಗೋದಾಮು ನೋಡಿ ಮಾಲೀಕರು ಹೇಳಿದ್ದರಲ್ಲಿ ನಿಜವೆಷ್ಟು ಎಂದು ಬರೆದು ಕೊಡಬೇಕು. ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಕೇಳುತ್ತೇನೆ, ದೊಡ್ಡ ದೊಡ್ಡವರು ತಡವರಿಸುತ್ತಾರೆ. ಅಮ್ಮನ ಮುಂದೆ ಮಾತ್ರ ಮೂವತ್ತು ವರ್ಷ ತಡವರಿಸಿದವಳು ನಾನೇ.

ಈ ವರ್ಷ ಕೆಲಸದಿಂದ ನಿವೃತ್ತಳಾದವಳೇ ಅಮ್ಮ ಆ ಕೆರೆಗೆ ಹೋಗೋಣವೆಂದು ಪಟ್ಟು ಹಿಡಿದಳು. ಅಪ್ಪನಿಗೆ ಮಂಡಿ ನೋವು, ಅಣ್ಣನಿಗೆ ರಜೆ ಇಲ್ಲ. ನಾನೇ ಹೊರಟೆ. ಬಾಗಿಲು ನೋಡಲೆಂದೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದಳು, ಪುಣ್ಯಾತ್ಗಿತ್ತಿ! ದಾರಿಯುದ್ದಕ್ಕೂ ಹೇಳಿಬಿಡೋಣವೆಂದು ಬಾಯಿ ತೆರೆದೆ, ಮುಚ್ಚಿದೆ. ಮೂವತ್ತು ವರ್ಷ ನನ್ನ ಮಾತು ನಂಬಿದವಳು ಇನ್ನು ಮೇಲೆ ನಂಬುತ್ತಾಳೋ ಇಲ್ಲವೋ ಎಂಬ ಭಯ ನನಗೆ.

ಎರಡು ಟಿಕೆಟ್ ಕೊಂಡೆ. ಅಮ್ಮ ಮಂಡಿಯೂರಿ ಗಾಜಿನ ಮೇಲೆ ಬಗ್ಗಿದಳು. ಅದೇ ಹಸಿರು ನೀರು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ, ಬಾಗಿಲಿರುವ ಮನೆ ಯಾವ ಕಡೆ ಬರುತ್ತದೆ ಎಂದು ದೋಣಿಯವನನ್ನು ಕೇಳಿದಳು. ಆತ ನಕ್ಕ. ನೀರು ತುಂಬುವ ಮೊದಲೇ ಜನ ಮನೆಗಳನ್ನು ಬಿಚ್ಚಿ, ಕಲ್ಲು, ತೊಲೆ, ಬಾಗಿಲು ಎಲ್ಲ ಗಾಡಿಗೆ ಹೇರಿಕೊಂಡು ಹೋದರು, ತನ್ನ ತಾತನೂ ಹಾಗೇ ಹೋದವನು ಎಂದ. ಬೋರ್ಡಿನಲ್ಲಿ ಬರೆದಿರುವುದು ವ್ಯಾಪಾರಕ್ಕಂತೆ.

"ಅಮ್ಮ, ನಾನೂ ಏನೂ ನೋಡಿರಲಿಲ್ಲ," ಎಂದೆ.

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಬೈಯುತ್ತಾಳೆಂದು ಕಾದೆ. ಅವಳು ಗಾಜಿನ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು. ಜೇಬಿನಲ್ಲಿ ಸಿಕ್ಕಿದ್ದನ್ನು ಅಂಗೈಯಲ್ಲಿಟ್ಟುಕೊಂಡು ಯೋಚಿಸುವಾಗ ಅವಳ ಮುಖ ಹಾಗೇ ಆಗುತ್ತಿತ್ತು.

"ಅವತ್ತು ಇಷ್ಟು ಹೊತ್ತೂ ಒಬ್ಬಳೇ ಕೂತು ಹುಡುಕಿದ್ಯಾ?"

ಹೂಂ ಎಂದೆ.

"ನಾವು ಕಾಯ್ತಿದ್ದೀವಲ್ಲ ಅಂತ ಅಷ್ಟೆಲ್ಲ ಕಟ್ಟಿ ಹೇಳಿದ್ಯಾ?"

ಹೂಂ ಎಂದೆ. ಮೂವತ್ತೊಂಬತ್ತು ವರ್ಷದವಳು, ಊರವರನ್ನೆಲ್ಲ ಅಳಿಸುವವಳು, ದೋಣಿಯಲ್ಲಿ ಕೂತು ಗಳಗಳನೆ ಅತ್ತೆ.

"ನಿನ್ನೊಬ್ಬಳನ್ನೇ ಕಳಿಸಬಾರದಿತ್ತು ಕಣೇ," ಎಂದಳು ಅಮ್ಮ. ನನ್ನ ಪಕ್ಕಕ್ಕೆ ಸರಿದು ಕೂತಳು. ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಅವತ್ತು ನಿನ್ನ ಪಕ್ಕ ಯಾರು ಕೂತಿದ್ದರು, ಅವರು ಮಾತಾಡಿಸಿದರಾ, ಭಯ ಆಯಿತಾ ಎಂದು ಒಂದೊಂದಾಗಿ ಕೇಳತೊಡಗಿದಳು.

ಭಯ ಆಗಿತ್ತು ಎಂದೆ. ಯಾರೂ ಮಾತಾಡಿಸಲಿಲ್ಲ ಎಂದೆ. ದೋಣಿ ದಡ ಮುಟ್ಟುವವರೆಗೂ ಅವಳು ಕೇಳುತ್ತಲೇ ಇದ್ದಳು, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಲೇ ಹೋದೆ.