ಪಂಚೆಯ ಹಿಂದೆ ಕಲಿತ ಹೆಸರು

"ಪಂಚೆ ಹಿಂದಕ್ಕೆ ಸಾಯ್ರೋ, ಬೋಳಿಮಕ್ಳಾ! ಮುಂದೆ ಕೂತು ಅಕ್ಸರಾನೂ ಮೈಲಿಗೆ ಮಾಡ್ತೀರೇನ್ಲಾ?" ಪಟೇಲ ಈರಭದ್ರಪ್ಪ ದೊಣ್ಣೆಯಿಂದ ನೆಲ ಕುಟ್ಟಿದ.

ಹೊಲಗೇರಿಯವರು ಎದ್ದು, ಪರದೆಯಂತೆ ಕಟ್ಟಿದ್ದ ಪಂಚೆಯ ಹಿಂದಕ್ಕೆ ಹೋದರು. ಹುಚ್ಚಮ್ಮನಿಗೆ ಅವಮಾನ ಅನ್ನಿಸಲಿಲ್ಲ. ಅನ್ನಿಸುವುದು ಎಂದೋ ನಿಂತುಹೋಗಿತ್ತು. ದೊಡ್ಡವರಿಗೆ ಅಕ್ಷರ ಕಲಿಸುವ ಆ ಲಾಂದ್ರದ ಪೆಟ್ಟಿಗೆಯನ್ನು ಅಜ್ಜಂಪುರದಿಂದ ತಲೆಯ ಮೇಲೆ ಹೊತ್ತು ತಂದವಳು ಅವಳೇ. ಪೆಟ್ಟಿಗೆಗೆ ಮೈಲಿಗೆಯಿಲ್ಲ, ಪಾಪ, ಅದು ಮಹಾರಾಜರ ಸರ್ಕಾರದ್ದು.

ಮೇಷ್ಟ್ರು ಅಬ್ದುಲ್ ಗಫೂರ್ ಗಾಜಿನ ಬಿಲ್ಲೆಯನ್ನು ಲಾಂದ್ರದೊಳಗೆ ತೂರಿಸಿದರೆ ಒದ್ದೆ ಪಂಚೆಯ ಮೇಲೆ ಮೊಳದುದ್ದದ ಅಕ್ಷರ ಮೂಡುತ್ತಿತ್ತು. ಹಿಂದೆ ಕೂತವರಿಗೂ ಕಾಣುತ್ತಿತ್ತು. ಏಳನೆಯ ದಿನ ಹುಚ್ಚಮ್ಮ ಅಲ್ಲಿಂದಲೇ ಕೂಗಿದಳು: "ನನ್ನೆಸ್ರು ಹಾಕಿ ಬುದ್ದಿ."

ಮೇಷ್ಟ್ರು ಮಸಿ ಹಿಡಿಸಿದ ಗಾಜಿನ ಮೇಲೆ ಗೀಚಿ ತೋರಿಸಿದರು. ಹಿಂದಿನಿಂದ ಅದು ಹೇಗೆ ಕಾಣುತ್ತದೆಂದು ಬಂದು ನೋಡಲು ಅವರಿಗೆ ಹೊಳೆಯಲೇ ಇಲ್ಲ.

ಅವಳಿಗೆ ಬೇಕಾಗಿದ್ದದ್ದು ಅದೊಂದೇ ಹೆಸರು. ಗಂಡ ಸತ್ತ ಮೇಲೆ ಪಟೇಲ ಯಾವನದೋ ಹೆಬ್ಬೆಟ್ಟು ಒತ್ತಿಸಿ, ಅದು ಸತ್ತವನದೇ ಎಂದು ಸಾಧಿಸಿ, ಮೇಲಿನ ಹೊಲ ನುಂಗಿದ್ದ. ಕೆಳಗಿನ ತುಂಡಾದರೂ ಉಳಿಯಬೇಕಾದರೆ ಅವಳ ರುಜು ಅವಳೇ ಹಾಕಬೇಕು. ತಿಂಗಳಿಡೀ ರಾಗಿ ಹೊಲದಲ್ಲಿ ಕಳೆ ಕೀಳುತ್ತ ಮಣ್ಣಿನ ಮೇಲೆ ಬರೆದು ಬರೆದು ಅಳಿಸಿದಳು.

ತರೀಕೆರೆಯಿಂದ ಅಮಲ್ದಾರರು ಬಂದರು. ಗುಮಾಸ್ತ ಅವಳ ಖಾತೆಯ ಅರ್ಜಿಯನ್ನು ನೆಲಕ್ಕೆ ಎಸೆದ. ಅವಳು ಕುಕ್ಕರಗಾಲಲ್ಲಿ ಕೂತು, ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ಬರೆದಳು. ಪಟೇಲ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ ಗೀಚಿದ್ದೀಯೇ ಮುಂಡೆ? ಎಲ್ಲಾ ಉಲ್ಟಾ! ಇವ್ಳಿಗೆ ಅಕ್ಸರ ಬರಾಕಿಲ್ಲ ಸ್ವಾಮಿ."

"ಸುಮ್ನೆ ಹೆಬ್ಬೆಟ್ಟು ಒತ್ತಮ್ಮ," ಎಂದರು ಅಮಲ್ದಾರರು.

ಹುಚ್ಚಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಇನ್ನೊಂದು ಕೈಯಲ್ಲಿ ಕಾಗದ ಎತ್ತಿ, ಬರೆದ ಮಗ್ಗುಲನ್ನು ತನ್ನ ಕಡೆ ತಿರುಗಿಸಿಕೊಂಡು, ಬಿಸಿಲಿಗೆ ಹಿಡಿದಳು.

"ಪಂಚೆ ಹಿಂದೆ ಕೂರ್ಸಿದೋರು ಇವ್ರೇಯ. ಆ ಕಡೆಯಿಂದ ಓದ್ಕಳಿ ಬುದ್ದಿ."

"ಹುಚ್ಚಮ್ಮ..." ಅಮಲ್ದಾರರ ಬಾಯಿಂದ ತಾನಾಗಿಯೇ ಹೊರಟಿತು.

ಪಟೇಲನ ನಗು ನಿಂತಿತು. "ಕಿತ್ಕಳ್ರೋ ಅದನ್ನ!" ಎಂದು ಅರಚಿದ. ಗುಮಾಸ್ತ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ. ಪಟೇಲ ತಾನೇ ಕೈ ಚಾಚಿ, ಹಿಂದಕ್ಕೆಳೆದುಕೊಂಡ. ಅವಳ ಕೈಯಲ್ಲಿದ್ದುದನ್ನು ಮುಟ್ಟುವ ಜಾತಿಯವರು ಅಲ್ಲಿ ಒಬ್ಬರೂ ಇರಲಿಲ್ಲ.

ಹುಚ್ಚಮ್ಮ ಕೈ ಇಳಿಸಲಿಲ್ಲ.