ಖಾಲಿ ಚೀಟಿ

ಮೇಷ್ಟ್ರಿಗೆ ಹೊಸ ವಿದ್ಯೆ ಸಿಕ್ಕಿದರೆ ಮೊದಲು ಮೈ ನೋಯುವುದು ಶಿಷ್ಯರದೇ. ಗುರುಕಿರಣನಿಗೆ ಆ ವಿದ್ಯೆ ಸಿಕ್ಕಿದ್ದು ಅಹಮದಾಬಾದಿನ ತರಬೇತಿ ಶಿಬಿರವೊಂದರಲ್ಲಿ. ಮೇಷ್ಟ್ರು ಬಾಯಿ ಮುಚ್ಚಬೇಕು, ವಿದ್ಯಾರ್ಥಿಗಳು ಮಾಡಿ ಕಲಿಯಬೇಕು, ತರಗತಿಯ ನಿಯಮವನ್ನೂ ಅವರೇ ಕಟ್ಟಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ವಡೋದರಾದ ಖಾಸಗಿ ಕಾಲೇಜೊಂದರಲ್ಲಿ ಅವನು ಅಪರಾಧ ಮತ್ತು ನ್ಯಾಯದ ವಿಷಯ ಕಲಿಸುತ್ತಿದ್ದ. ಪುಸ್ತಕ ಹಿಡಿದು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ಈಗ ಕಳ್ಳ ಪೊಲೀಸ್ ಆಡಿಸತೊಡಗಿದ ಮೇಲೆ ಕೋಣೆ ತುಂಬಿ ಬಾಗಿಲಲ್ಲೂ ಜನ. ಪ್ರಿನ್ಸಿಪಾಲರು ಉಳಿದ ಮೇಷ್ಟ್ರುಗಳಿಗೆ ಇವನನ್ನು ತೋರಿಸಿ ಹಂಗಿಸುತ್ತಿದ್ದರು. ಗುರುಕಿರಣ ಕೆಟ್ಟವನಲ್ಲ. ಆದರೆ ಹೊಗಳಿಕೆ ತಲೆಗೇರಿದವನಿಗೆ ಕಣ್ಣು ಸ್ವಲ್ಪ ಮಂಜಾಗುತ್ತದೆ.

ಒಂಟಿ ಮನುಷ್ಯನಾದ ಅವನ ಊಟ, ತಿಂಡಿ ಎಲ್ಲ ಅಲ್ಕಾಪುರಿ ಬಡಾವಣೆಯಲ್ಲಿ ಗೋಪಾಲಕೃಷ್ಣ ರಾಯರು ನಡೆಸುತ್ತಿದ್ದ ಉಡುಪಿ ಹೋಟೆಲಿನಲ್ಲಿ. ರಾಯರದೂ ಇವನದೂ ಒಂದೇ ಕರಾವಳಿ. ರಾಯರ ಮಗ ಅಕ್ಷಯ್ ಮಾತ್ರ ವಡೋದರಾದಲ್ಲೇ ಹುಟ್ಟಿ ಬೆಳೆದವನು. ಅಪ್ಪ ಕನ್ನಡದಲ್ಲಿ ಕೇಳಿದರೆ ಅವನು ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದ. ಅವನು ಗುರುಕಿರಣನ ತರಗತಿಗೆ ಸೇರಿದ ದಿನ ರಾಯರು ತಾವೇ ಕಾಫಿ ತಂದಿಟ್ಟು, "ನಮ್ಮ ಭಾಷೆಯವರು ಒಬ್ಬರಾದ್ರೂ ಅಲ್ಲಿ ಉಂಟಲ್ಲ ಮಾಷ್ಟ್ರೇ, ನನಗೆ ಅಷ್ಟೇ ಧೈರ್ಯ" ಅಂದಿದ್ದರು.

ಅಂದಿನ ಪಾಠ, ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪನ್ನು ನ್ಯಾಯಾಲಯ ಏಕೆ ನಂಬುವುದಿಲ್ಲ ಎಂಬುದು. ಗುರುಕಿರಣ ಕಥೆ ಹೆಣೆದಿದ್ದ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ಒಂದು ವಜ್ರದ ಕಾರ್ಖಾನೆ, ಅಲ್ಲಿ ಒಂದು ಪೊಟ್ಟಣ ಮಾಯ. ಆಟಕ್ಕೆ ಬಂದವರಿಗೆಲ್ಲ ಮಡಚಿದ ಚೀಟಿ ಹಂಚಿದ. ಒಂದರಲ್ಲಿ ಕಳ್ಳ ಎಂದು ಬರೆದಿತ್ತು, ಉಳಿದವು ಖಾಲಿ. ಕಳ್ಳನ ಚೀಟಿಯನ್ನು ಅವನು ಬೇಕೆಂದೇ ತನ್ವಿ ಎಂಬ ಹುಡುಗಿಯ ಕೈಗಿಟ್ಟ. ಆಟದಲ್ಲಿ ತನ್ವಿ ಇನ್‌ಸ್ಪೆಕ್ಟರ್. ಪೊಲೀಸ್ ಪರೀಕ್ಷೆಗೆಂದು ಬೆಳಗಾದರೆ ಮೈದಾನ ಸುತ್ತುತ್ತಿದ್ದ ಮಹೇಶ್ ಕಾನ್‌ಸ್ಟೇಬಲ್. ಖಾಲಿ ಚೀಟಿಯ ಅಕ್ಷಯ್ ಆರೋಪಿ. ಬೆಲ್ಲು ಹೊಡೆಯುವವರೆಗೂ ಸಿಕ್ಕಿಬೀಳದಿದ್ದರೆ ಕಳ್ಳನಿಗೆ ಪೂರ್ತಿ ಅಂಕ.

ಆಟ ಮಿತಿ ಮೀರಿದರೆ ನಿಲ್ಲಿಸಲು ಒಂದು ಮಾತು ಗೊತ್ತುಮಾಡೋಣ ಎಂದು ಯಾರೋ ಹೇಳಿದರು. ಠಾಣೆಯಲ್ಲಿ ಅಂಥ ಮಾತು ಎಲ್ಲಿರುತ್ತದೆ ಎಂದು ಉಳಿದವರು ನಕ್ಕರು. ಕೈ ಎತ್ತಿಸಿದಾಗ ಬೇಡ ಎಂದವರೇ ಹೆಚ್ಚು. ಅಕ್ಷಯ್ ಕೂಡ ನಗುತ್ತ ಬೇಡ ಎಂದೇ ಕೈ ಎತ್ತಿದ್ದ. ವಿದ್ಯಾರ್ಥಿಗಳ ನಿಯಮ, ಮೇಷ್ಟ್ರು ತಲೆಹಾಕಬಾರದು ಎಂದುಕೊಂಡು ಗುರುಕಿರಣ ಗೋಡೆಗೆ ಒರಗಿ ಕೈಕಟ್ಟಿ ನಿಂತ.

ಮೊದಲು ಎಲ್ಲ ತಮಾಷೆಯೇ. ಅಕ್ಷಯ್ ಜಾಣ. ತಿಜೋರಿಯ ಕೀಲಿ ಯಾರ ಹತ್ತಿರ ಇತ್ತು, ಪೊಟ್ಟಣ ಹೋದ ಮೇಲೆ ಮೊದಲು ಬಂದವರು ಯಾರು ಎಂದು ಅವನೇ ತಿರುಗಿಸಿ ಕೇಳತೊಡಗಿದ. ತರಗತಿಯ ಕಣ್ಣುಗಳು ಮೆಲ್ಲಗೆ ತನ್ವಿಯ ಕಡೆ ಹೊರಳಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಾಲ ಹೋಯಿತು. ಈಗಿನ ಕಳ್ಳರು ಎದುರಿನವನ ಹೆಗಲನ್ನೇ ಮುರಿಸುತ್ತಾರೆ. ತನ್ವಿ ಮೇಜು ಗುದ್ದಿ, ಇವನ ಬಾಯಿ ಮುಚ್ಚಿಸು ಎಂದು ಮಹೇಶನಿಗೆ ಹೇಳಿದಳು.

ಮೊದಲ ಏಟು ನಾಟಕದ್ದು. ಎರಡನೆಯದು ಕೆನ್ನೆಗೆ ಕೂತ ಸದ್ದಿಗೆ ಹುಡುಗರು ಶಿಳ್ಳೆ ಹೊಡೆದರು. ಆ ಶಿಳ್ಳೆ ಮಹೇಶನ ತೋಳಿಗೆ ಇಳಿಯಿತು. ಅವನು ಅಕ್ಷಯನ ಕೂದಲು ಹಿಡಿದು ಎಳೆದು, ನೆಲದಲ್ಲಿ ಚಾಕ್‌ಪೀಸ್ ಹರಡಿ ಅದರ ಮೇಲೆ ಮಂಡಿಯೂರಿಸಿದ. ಬೆರಳುಗಳನ್ನು ಹಿಂದಕ್ಕೆ ಮಡಚಿದ. ಬೆನ್ನಿಗೆ ಒದ್ದ. ತನ್ವಿ ಪ್ರತಿ ಪ್ರಶ್ನೆಯ ಹಿಂದೆಯೂ ಇನ್ನೊಂದು, ಇನ್ನೊಂದು ಎನ್ನುತ್ತಿದ್ದಳು. ಮೊಬೈಲುಗಳು ಮೇಲೆದ್ದವು. ಅಕ್ಷಯನ ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ಅವನು ಹೇಗೋ ಕತ್ತು ಹೊರಳಿಸಿ ಗೋಡೆಯ ಕಡೆ ನೋಡಿದ. ಎಂದೂ ಕನ್ನಡ ಆಡದವನು ಕನ್ನಡದಲ್ಲಿ ಹೇಳಿದ.

"ಸರ್, ಸಾಕು. ನಿಜ ನೋವಾಗ್ತಾ ಉಂಟು."

ಆ ಕೋಣೆಯಲ್ಲಿ ಅದು ಅರ್ಥವಾದದ್ದು ಒಬ್ಬನಿಗೇ. ಗುರುಕಿರಣ ಗೋಡೆ ಬಿಟ್ಟು ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಪ್ರಿನ್ಸಿಪಾಲರು ತಲೆದೂಗುತ್ತ ನಿಂತಿದ್ದು ಕಂಡಿತು. ಇಂಥ ತರಗತಿ ಮತ್ತೆ ಕೂಡಿಬರುವುದಿಲ್ಲ, ಇನ್ನೊಂದೇ ನಿಮಿಷ ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಒರಗಿದ. ಬೇಲಿಯೇ ಹೊಲ ಮೇಯುವುದೆಂದರೆ ಇದೇ.

ಆ ನಿಮಿಷದಲ್ಲಿ ಮಹೇಶನ ಅಗಲ ಅಂಗೈ ಅಕ್ಷಯನ ಎಡಗಿವಿಗೆ ಬಡಿಯಿತು. ತಲೆ ಬೆಂಚಿನ ಮೂಲೆಗೆ ಹೋಗಿ ಹೊಡೆಯಿತು. ಅಕ್ಷಯ್ ಕಿರುಚಿ ಒಪ್ಪಿಕೊಂಡ. ಪೊಟ್ಟಣ ಕದ್ದದ್ದು ತಾನೇ, ಹೋಟೆಲಿನ ಅಕ್ಕಿ ಮೂಟೆಯಲ್ಲಿ ಅಡಗಿಸಿದ್ದೇನೆ, ಅಪ್ಪನಿಗೂ ಗೊತ್ತು ಎಂದ. ಯಾರೂ ಕೇಳದೆ ಇದ್ದರೂ ಅಪ್ಪನನ್ನೂ ಹಿಡಿದುಕೊಟ್ಟ.

ಚಪ್ಪಾಳೆ ಬಿತ್ತು. ಗುರುಕಿರಣ ಚೀಟಿಗಳನ್ನು ಬಿಡಿಸಿ ತೋರಿಸಿದ. ಅಕ್ಷಯನದು ಖಾಲಿ, ತನ್ವಿಯದರಲ್ಲಿ ಕಳ್ಳ. ಕೋಣೆ ತೆಪ್ಪಗಾಯಿತು. ನೂರು ಪುಟ ಓದಿಸಿದರೂ ಇಳಿಯದ ಪಾಠ ಇಳಿಯಿತು ಎಂದು ಅವನಿಗೆ ಹೆಮ್ಮೆಯಾಯಿತು, ನಾಚಿಕೆಗೇಡಿ ಹೆಮ್ಮೆ. ಅವನು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದ. ಹಿಂದಿನಿಂದ ತನ್ವಿ ಚೀರಿದಳು. ಅಕ್ಷಯ್ ಎದ್ದಿರಲಿಲ್ಲ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ಕೆಂಪಾಗಿತ್ತು.

ಕಿವಿಯ ತಮಟೆ ಹರಿದಿದೆ, ತಲೆಗೂ ಪೆಟ್ಟಾಗಿದೆ, ಎಡಗಿವಿ ಮತ್ತೆ ಕೇಳುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಆಸ್ಪತ್ರೆಯ ಡಾಕ್ಟರು. ಪೊಲೀಸರಿಗೆ ತಿಳಿಸಿದ್ದಾಗಿತ್ತು, ನಿಜವಾದ ಪೊಲೀಸರಿಗೆ. ರಾಯರು ಹೆಗಲ ಮೇಲಿನ ಟವೆಲ್ಲನ್ನೂ ತೆಗೆಯದೆ ಓಡಿಬಂದರು. ಮಗನನ್ನು ನೋಡಿ ಹೊರಗೆ ಬಂದವರು ಬೈಯಲಿಲ್ಲ. ಬೆಂಚಿನ ಮೇಲೆ ಕೂತು ಅಳುತ್ತಿದ್ದ ತನ್ವಿಯನ್ನೂ, ತನ್ನ ಅಂಗೈಯನ್ನೇ ನೋಡುತ್ತಿದ್ದ ಮಹೇಶನನ್ನೂ ಹಿಂದಿಯಲ್ಲಿ ಒಂದೇ ಮಾತು ಕೇಳಿದರು. ಅಷ್ಟು ಹೊಡೆಯುವಾಗ ನನ್ನ ಮಗ ನಿಲ್ಲಿಸಿ ಅನ್ನಲೇ ಇಲ್ಲವೇ?

ಕೊನೆಗೆ ಸರ್ ಕಡೆ ನೋಡಿ ನಿಮ್ಮ ಭಾಷೆಯಲ್ಲಿ ಏನೋ ಹೇಳಿದ, ನಮಗೆ ತಿಳಿಯಲಿಲ್ಲ ಎಂದಳು ತನ್ವಿ. ನಿಲ್ಲಿಸುವಂಥದ್ದಾಗಿದ್ದರೆ ಸರ್ ನಿಲ್ಲಿಸುತ್ತಿದ್ದರು ಅಂದುಕೊಂಡೆವು ಎಂದಳು.

ರಾಯರು ತಿರುಗಿದರು. "ಏನು ಹೇಳಿದ ಮಾಷ್ಟ್ರೇ?"

ಸುಳ್ಳು ಹೇಳಬಹುದಿತ್ತು. ಅಲ್ಲಿ ಕನ್ನಡ ತಿಳಿದ ಸಾಕ್ಷಿ ಬೇರೆ ಯಾರೂ ಇರಲಿಲ್ಲ, ಮೊಬೈಲುಗಳಲ್ಲೂ ಶಿಳ್ಳೆಯ ಸದ್ದಷ್ಟೇ ಉಳಿದಿರಬಹುದು. ನಾಲಿಗೆಯ ತುದಿಗೆ ಬಂದ ಸುಳ್ಳನ್ನು ಗುರುಕಿರಣ ನುಂಗಿದ.

"ಸಾಕು ಅಂದ. ನಿಜ ನೋವಾಗ್ತಾ ಉಂಟು ಅಂದ."

"ಕನ್ನಡದಲ್ಲಾ?"

"ಹೌದು."

"ನನ್ನ ಹತ್ರ ಒಂದು ದಿನವೂ ಆಡದ ಭಾಷೆ," ಎಂದರು ರಾಯರು. "ನಿಮಗೆ ಅರ್ಥ ಆಗ್ತದೆ ಅಂತ ಆಡಿದ ಅಲ್ವಾ?"

ದಿನವೂ ಕಾಫಿ ಕೊಟ್ಟ ಕೈ ಗುರುಕಿರಣನ ಕೆನ್ನೆಗೆ ಬಿತ್ತು. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಇನ್ನೊಂದು ಏಟು ಮೂಗಿಗೆ ಬಿದ್ದು ಬಾಯಿ ಉಪ್ಪಾಯಿತು. ಅವನು ತಡೆಯಲಿಲ್ಲ. ಮೂರನೆಯದಕ್ಕೆ ಕೈ ಮೇಲೆದ್ದಾಗ ಮಹೇಶ್ ಎದ್ದು ನಡುವೆ ನಿಂತ. ಅವನ ಮುಖವೆಲ್ಲ ಒದ್ದೆಯಾಗಿತ್ತು.

"ಬಸ್, ಕಾಕಾ," ಎಂದ ಅವನು ಗುಜರಾತಿಯಲ್ಲಿ. "ಬಸ್."

ಸಾಕು ಎಂಬ ಆ ಒಂದು ಮಾತಿಗೇ ರಾಯರು ಕೈ ಇಳಿಸಿದರು.